ಬ್ರೇಕ್ ಮೇಷ್ಟರ ಬಲಗಾಲು

ಮನುಷ್ಯನ ಮೈಯಲ್ಲಿ ಮಾತು ಕೇಳದ ಅಂಗ ಯಾವುದು ಎಂದು ಕೇಳಿದರೆ ಒಬ್ಬರು ನಾಲಿಗೆ ಎನ್ನುತ್ತಾರೆ, ಇನ್ನೊಬ್ಬರು ಹೊಟ್ಟೆ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಮಾತ್ರ ಚಿಕ್ಕವರು ದೊಡ್ಡವರು ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ: ಬ್ರೇಕ್ ಮೇಷ್ಟರ ಬಲಗಾಲು. ಆ ಕಾಲಿನ ಕಥೆ ಹೇಳುತ್ತೇನೆ, ಕೇಳಿ.

ಮೇಷ್ಟರದು ಡ್ರೈವಿಂಗ್ ಸ್ಕೂಲು. ಸ್ಕೂಲು ಎಂದರೆ ಮಹಾ ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆಯೇ ಆಫೀಸು. ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಪಟದ ಕೆಳಗೆ ಮೇಜು, ಮೇಜಿನ ಹಿಂದೆ ಮೇಷ್ಟರ ಹೆಂಡತಿ. ಯಾರು ಎಷ್ಟು ಹೊತ್ತಿಗೆ ಬರಬೇಕು, ಯಾರು ನಿನ್ನೆ ಬಿದ್ದರು, ಯಾರು ಹೆದರಿ ಇವತ್ತು ಹೊಟ್ಟೆನೋವಿನ ನೆಪ ಹೇಳಿದ್ದಾರೆ ಎನ್ನುವುದೆಲ್ಲ ಆಕೆಯ ತಲೆಯಲ್ಲೇ ಇರುತ್ತದೆ. ಹೊರಗೆ ಮೆಟ್ಟಿಲ ಪಕ್ಕ ಒಂದು ಹಳೆಯ ಸಣ್ಣ ಬೈಕು, ಮುಂದೊಂದು ಹಿಂದೊಂದು ಎಲ್ ಬೋರ್ಡು ಕಟ್ಟಿಕೊಂಡು ನಿಂತಿರುತ್ತದೆ. ಕಲಿಯುವವರು ಮುಂದೆ, ಮೇಷ್ಟರು ಹಿಂದೆ. ಹಿಂದೆ ಕೂತವರಿಗೂ ಸಿಗುವ ಹಾಗೆ ವೆಲ್ಡಿಂಗಿನವನ ಹತ್ತಿರ ಇನ್ನೊಂದು ಬ್ರೇಕ್ ಪೆಡಲ್ಲು ಹಾಕಿಸಿದ್ದರು. ಮುಂದಿರುವವರು ಕೈಕಾಲು ಬಿಟ್ಟರೂ ಮೇಷ್ಟರ ಬಲಗಾಲು ಬಿಡುತ್ತಿರಲಿಲ್ಲ.

ವರ್ಷಗಟ್ಟಲೆ ಹಾಗೆ ಕೂತು ಕೂತು ಆ ಕಾಲಿಗೆ ಅದರದೇ ಒಂದು ಬುದ್ಧಿ ಬಂದುಬಿಟ್ಟಿತು. ಮೇಷ್ಟರ ತಲೆಗೆ ಹೆದರಿಕೆ ತಲುಪುವ ಮೊದಲೇ ಕಾಲಿಗೆ ತಲುಪುತ್ತದೆ. ಬಸ್ಸಿನಲ್ಲಿ ಕೂತರೆ ಎದುರು ಸೀಟಿನ ಕಂಬಿ ಒತ್ತುತ್ತಾರೆ. ಕ್ಷೌರದಂಗಡಿಯಲ್ಲಿ ಕತ್ತಿ ಗಂಟಲ ಹತ್ತಿರ ಬಂದರೆ ಕುರ್ಚಿಯ ಕಾಲುಹಲಗೆ ಕಿರ್ರೆನ್ನುತ್ತದೆ. "ಮೇಷ್ಟ್ರೇ, ನಿಧಾನಕ್ಕೇ ಹೋಗ್ತಾ ಇದೀನಿ" ಎಂದು ಕ್ಷೌರದವನು ಸಮಾಧಾನ ಹೇಳಬೇಕು. ನಿದ್ದೆಯಲ್ಲಿ ಒತ್ತಿ ಒತ್ತಿ ಹೆಂಡತಿಯ ಮೀನಖಂಡ ನೀಲಿಗಟ್ಟಿದ್ದೂ ಉಂಟು. "ಇವರನ್ನ ಕಟ್ಕೊಂಡು ಎಲ್ಲಿಗೂ ಹೋದ ಹಾಗಿಲ್ಲ ನೋಡಿ, ಬರೀ ನಿಂತಿದೀವಿ" ಎಂದು ಆಕೆ ಕಲಿಯಲು ಬಂದ ಹೆಂಗಸರಿಗೆ ಹೇಳಿ ನಗಿಸುತ್ತಿದ್ದಳು. ಮೇಷ್ಟರು ನಗುತ್ತಿರಲಿಲ್ಲ. ತಮ್ಮ ಕೈಕೆಳಗೆ ಕಲಿತವರು ಯಾರೂ ಆಸ್ಪತ್ರೆ ಕಂಡಿಲ್ಲ ಎನ್ನುವುದು ಅವರ ಜೀವಮಾನದ ಹೆಮ್ಮೆ.

ಅವರಿಗೆ ಒಬ್ಬಳೇ ಮಗಳು. ಪೇಟೆಯಲ್ಲಿ ಬೈಕಿನ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಮೇಷ್ಟರ ಎಣಿಕೆಯಲ್ಲಿ ಅದು ನಾಲ್ಕು ದಿನದ ಕೆಲಸ. ಇವತ್ತಲ್ಲ ನಾಳೆ ಅವಳು ಸ್ಕೂಲಿಗೇ ಬರಬೇಕು. ಹೊರಗಿನ ಬೋರ್ಡಿಗೆ ಹೊಸ ಬಣ್ಣ ಬಳಿಸುವಾಗ ತಮ್ಮ ಹೆಸರಿನ ಪಕ್ಕ 'ಮತ್ತು ಮಗಳು' ಎಂದು ಬರೆಸಲಿಕ್ಕೆ ಜಾಗವನ್ನೂ ಬಿಡಿಸಿದ್ದರು. ಮಗಳಿಗೆ ಮಾತ್ರ ಹೇಳಿರಲಿಲ್ಲ. ಅದರಲ್ಲಿ ಹೇಳುವುದೇನಿದೆ ಎಂದುಕೊಂಡಿದ್ದರು.

ಹೀಗಿರುವಾಗ ಒಂದು ದಿನ ಗಾಡಿ ಕಲಿಯಲು ಬರುತ್ತಿದ್ದ ನರ್ಸಮ್ಮ ಪಾಠ ಮುಗಿಸಿ ಚಹಾ ಕುಡಿಯುತ್ತಾ ಕೇಳಿದಳು. "ಸಾರ್, ನಾನು ಇಷ್ಟರ ಮಟ್ಟಿಗೆ ಕಲಿಯೋಕೆ ಎಷ್ಟು ದಿನ ಆಗ್ಬಹುದು?" ಎಂದು ಫೋನು ಮುಂದೆ ಹಿಡಿದಳು.

ಫೋನಿನಲ್ಲಿ ಓಡುತ್ತಿದ್ದ ವಿಡಿಯೋದಲ್ಲಿ ಊರಾಚೆ ಬಾಗಿಲು ಮುಚ್ಚಿದ ಬಿಸ್ಕತ್ತು ಕಾರ್ಖಾನೆಯ ಸಿಮೆಂಟಿನ ಅಂಗಳ. ಮೇಷ್ಟರು ಲೈಸೆನ್ಸ್ ಪರೀಕ್ಷೆಯ ಎಂಟು ಹಾಕಿಸಲಿಕ್ಕೆ ತಮ್ಮವರನ್ನು ಕರೆದೊಯ್ಯುವುದು ಅಲ್ಲಿಗೇ. ಅಂಗಳದ ಆ ತುದಿಯಿಂದ ಒಂದು ಬೈಕು ಬರುತ್ತಿತ್ತು, ಹಿಂದಿನ ಚಕ್ರದ ಮೇಲೆ ಮಾತ್ರ. ಮುಂದಿನ ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಮೇಷ್ಟರಿಗೆ ಮೊದಲು ಗುರುತು ಸಿಕ್ಕಿದ್ದು ಬೈಕು. ಆಮೇಲೆ ಹಿಂದಿನ ಸೀಟಿಗೆ ಹಾಕಿಸಿದ ಪೆಡಲ್ಲು. ಆಮೇಲೆ, ಆಕಾಶಕ್ಕೆ ಮುಖ ಮಾಡಿದ ಎಲ್ ಬೋರ್ಡು. ಓಡಿಸುತ್ತಿದ್ದವಳ ಗುರುತು ಕಡೆಗೆ ಸಿಕ್ಕಿತು: ಮಗಳು. ಅವರ ಬಲಗಾಲು ನೆಲವನ್ನು ಒತ್ತಿತು, ಒತ್ತಿದ ರಭಸಕ್ಕೆ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಬಿತ್ತು.

"ಹೆಲ್ಮೆಟ್ ಹಾಕಿದಾಳೆ ಸಾರ್" ಎಂದಳು ನರ್ಸಮ್ಮ, ಅವರ ಮುಖ ನೋಡಿ.

ಸಂಜೆ ಮಗಳು ಒಳಗೆ ಕಾಲಿಡುವುದನ್ನೇ ಕಾದು ಮೇಷ್ಟರು ಬಾಯಿ ತೆರೆದರು.

"ಏನೇ ಅದು, ಕಾರ್ಖಾನೆ ಅಂಗಳದಲ್ಲಿ?"

ಮಗಳಿಗೆ ಅರ್ಥವಾಯಿತು. ಚಪ್ಪಲಿ ಬಿಡುತ್ತಾ, "ವೀಲಿಂಗ್ ಅಪ್ಪ" ಎಂದಳು.

"ಹೆಸರು ನಂಗೂ ಗೊತ್ತು. ನಮ್ಮ ಗಾಡೀಲಿ ಯಾಕೆ ಅಂತ ಕೇಳ್ದೆ."

"ರೋಡಲ್ಲಿ ಒಂದು ದಿನಾನೂ ಮಾಡಿಲ್ಲ. ಹೆಲ್ಮೆಟ್ ಇತ್ತು, ಗ್ಲೌಸ್ ಇತ್ತು, ಮೊಣಕಾಲಿಗೆ ಪಟ್ಟಿ ಇತ್ತು."

"ಎಲ್ ಬೋರ್ಡೂ ಇತ್ತು. ಮೇಲಕ್ಕೆ ತೋರಿಸ್ಕೊಂಡು ಹೋಗ್ತಿದ್ಯಲ್ಲ, ಹಕ್ಕಿಗಳು ದಾರಿ ಬಿಡ್ಲಿ ಅಂತಾನಾ?"

ಒಳಗಿನಿಂದ ಹೆಂಡತಿ ನಕ್ಕಿದ್ದು ಕೇಳಿಸಿತು. ಮೇಷ್ಟರಿಗೆ ಇನ್ನಷ್ಟು ಉರಿಯಿತು. ಆದರೆ ಮಗಳು ಹೇಳಬೇಕಾದ್ದು ಇನ್ನೂ ಇತ್ತು. ಊರೂರು ತಿರುಗಿ ಮೈದಾನಗಳಲ್ಲಿ ಬೈಕಿನ ಆಟ ತೋರಿಸುವ ಒಂದು ತಂಡವಿದೆ. ಅವರು ಇವಳನ್ನು ನೋಡಿದ್ದಾರೆ, ಬಾ ಎಂದಿದ್ದಾರೆ. ಮುಂದಿನ ತಿಂಗಳು ಹೊರಡುವುದೆಂದು ಅವಳು ಮನಸ್ಸು ಮಾಡಿಯಾಗಿದೆ.

"ಹಾಗಾದ್ರೆ ಸ್ಕೂಲು?"

"ಸ್ಕೂಲಿಗೆ ನೀನಿದೀಯಲ್ಲ ಅಪ್ಪ."

ಉತ್ತರ ಇಲ್ಲದಾಗ ಮನುಷ್ಯ ಜೋರಾಗಿ ಮಾತಾಡುತ್ತಾನೆ. "ಗಾಡಿ ಎತ್ತೋದೂ ಒಂದು ವಿದ್ಯೆನಾ? ರೇಸ್ ಕೊಟ್ಟು ಕ್ಲಚ್ ಬಿಟ್ರೆ ಎಂಥ ಪೆದ್ದನೂ ಎತ್ತುತ್ತಾನೆ. ನಾನು ಮನಸು ಮಾಡಿದ್ರೆ ತಿಂಗಳ ಒಳಗೆ ಎತ್ತಿ ತೋರಿಸ್ತೀನಿ."

"ತೋರಿಸು."

"ತೋರಿಸಿದ್ರೆ?"

"ನೀನೇ ಹೇಳು."

"ತೋರಿಸಿದ್ರೆ ಈ ತಂಡ ಗಿಂಡ ಬಿಟ್ಟು ಸ್ಕೂಲಿಗೆ ಬರ್ಬೇಕು. ಆಗ್ಲಿಲ್ಲ ಅಂದ್ರೆ ನಾನು ಬಾಯಿ ಬಿಡಲ್ಲ, ನಿನ್ನ ಇಷ್ಟ."

"ಎಷ್ಟು ದೂರ ಹೋಗ್ಬೇಕು?"

"ದೂರ ಗೀರ ಇಲ್ಲ. ಮುಂದಿನ ಚಕ್ರ ನೆಲ ಬಿಟ್ರೆ ಸಾಕು."

"ಸರಿ" ಎಂದಳು. ಅಷ್ಟು ಬೇಗ ಒಪ್ಪಿದ್ದು ಮೇಷ್ಟರಿಗೆ ಹಿಡಿಸಲಿಲ್ಲ.

"ಚೆನ್ನಾಯ್ತು" ಎಂದಳು ಹೆಂಡತಿ, ತಟ್ಟೆ ಇಡುತ್ತಾ. "ಇನ್ನು ಈ ಮನೇಲಿ ಒಂದು ಚಕ್ರಾನೂ ನೆಲದ ಮೇಲೆ ನಿಲ್ಲಲ್ಲ."

ಮೊದಲ ಕೆಲವು ದಿನ ಮೇಷ್ಟರು ಒಬ್ಬರೇ ಹೋದರು. ಬೆಳಗಿನ ಪಾಠ ಶುರುವಾಗುವ ಮೊದಲು ಅಂಗಳ ಖಾಲಿ ಇರುತ್ತದೆ. ಗೇಟಿನಲ್ಲಿ ಒಬ್ಬ ವಾಚ್‌ಮನ್ ಮಾತ್ರ. ಅವನ ಪ್ಲಾಸ್ಟಿಕ್ ಕುರ್ಚಿಗೆ ಒಂದು ಕಾಲಿಲ್ಲ, ಆ ಜಾಗದಲ್ಲಿ ಇಟ್ಟಿಗೆ ಪೇರಿಸಿದ್ದಾನೆ. ಮುಚ್ಚಿದ ಕಾರ್ಖಾನೆಯನ್ನು ಯಾರು ಕದ್ದುಕೊಂಡು ಹೋಗುತ್ತಾರೋ ಅವನಿಗೂ ಗೊತ್ತಿಲ್ಲ. ಹಾಗಾಗಿ ನೋಡಲಿಕ್ಕೆ ಏನಾದರೂ ಸಿಕ್ಕರೆ ಅವನಿಗೆ ಹಬ್ಬ. ಮೇಷ್ಟರು ರೇಸ್ ಕೊಟ್ಟರು, ಕ್ಲಚ್ ಬಿಟ್ಟರು, ಗಾಡಿ ಒಮ್ಮೆ ಮುಂದಕ್ಕೆ ಜಗ್ಗಿ ಆಫ್ ಆಯಿತು. ಕಿಕ್ ಹೊಡೆದರು, ರೇಸ್ ಕೊಟ್ಟರು, ಬಿಟ್ಟರು, ಆಫ್. ಮತ್ತೆ ಕಿಕ್. ಚಕ್ರ ಜಪ್ಪಯ್ಯ ಎಂದರೂ ನೆಲ ಬಿಡಲಿಲ್ಲ. ಹೆಲ್ಮೆಟ್ಟಿನೊಳಗೆ ಬೆವರು ಕಣ್ಣಿಗಿಳಿಯಿತು.

"ಮೇಷ್ಟ್ರೇ" ಎಂದ ವಾಚ್‌ಮನ್ ಕೂತಲ್ಲಿಂದಲೇ, "ಗಾಡಿಗೆ ನೀವು ನಮಸ್ಕಾರ ಮಾಡ್ತಿದೀರೋ, ಗಾಡಿ ನಿಮಗೆ ಮಾಡ್ತಿದೆಯೋ? ಇಬ್ರೂ ಬಗ್ಗಿ ಬಗ್ಗಿ ಏಳ್ತಾ ಇದೀರಲ್ಲ."

ಕೊನೆಗೆ ಒಂದು ಸಂಜೆ ಮೇಷ್ಟರು ಗೋಡೆ ಕಡೆ ನೋಡುತ್ತಾ, ಯಾರಿಗೂ ಅಲ್ಲದ ಹಾಗೆ, "ಆ ಕ್ಲಚ್ಚು ಪೂರ್ತಿ ಬಿಡೋದೋ, ಅರ್ಧ ಬಿಡೋದೋ" ಎಂದರು.

"ಬೆಳಗ್ಗೆ ಬರ್ತೀನಿ" ಎಂದಳು ಮಗಳು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಹುಡುಗಿ ಬೇಕೆಂದರೆ ತಪ್ಪು ಹೇಳಿಕೊಡಬಹುದಿತ್ತು. ತಂದೆ ಎತ್ತಿದರೆ ಅವಳ ತಂಡ ಹೋಯಿತು, ಊರೂರು ತಿರುಗುವುದು ಹೋಯಿತು. ಆದರೂ ಅವಳು ಹೇಳಿಕೊಟ್ಟ ರೀತಿ ನೋಡಬೇಕಿತ್ತು. ಚಕ್ರದ ಗಾಳಿ ನೋಡಿದಳು, ಚೈನು ನೋಡಿದಳು, ಎಲ್ ಬೋರ್ಡು ಎರಡನ್ನೂ ಬಿಚ್ಚಿಟ್ಟಳು. ತಂದೆಯ ಮೊಣಕಾಲಿಗೆ ತನ್ನ ಪಟ್ಟಿಯನ್ನೇ ಕಟ್ಟಿದಳು. ಆಮೇಲೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವರ ಬಲಗಾಲನ್ನು ಕೈಯಿಂದ ಎತ್ತಿ ಪೆಡಲ್ಲಿನ ಮೇಲಿಟ್ಟಳು.

"ಈ ಕಾಲು ಇಲ್ಲೇ ಇರ್ಬೇಕು. ಮುಟ್ಟಿಕೊಂಡಿರ್ಬೇಕು, ಒತ್ತಬಾರದು. ಚಕ್ರ ತೀರಾ ಮೇಲೆ ಹೋಯ್ತು ಅನ್ಸಿದ್ರೆ ಮಾತ್ರ ಮೆಲ್ಲಗೆ ಒತ್ತು, ಮುಂದಿನ ಚಕ್ರ ತಾನಾಗೇ ಇಳಿಯುತ್ತೆ. ಇದೊಂದು ಇಲ್ಲದೆ ಇದ್ರೆ ಹಿಂದಕ್ಕೆ ಮಗುಚಿಕೊಳ್ತೀಯ."

"ಬ್ರೇಕಿನ ವಿಷಯ ನಂಗೆ ಹೇಳಿಕೊಡ್ತೀಯೇನೇ?"

"ಒತ್ತೋದಲ್ಲ ಅಪ್ಪ, ಒತ್ತದೇ ಇರೋದು ಹೇಳಿಕೊಡ್ತಾ ಇದೀನಿ."

ಮೇಷ್ಟರು ಹೊರಟರು. ಮೈ ಮುಂದಕ್ಕೆ ಬಾಗಿಸಿ, ಕ್ಲಚ್ಚು ಹಿಡಿದು, ರೇಸ್ ಕೊಟ್ಟು, ಬಿಟ್ಟು, ಹ್ಯಾಂಡಲ್ಲು ಎಳೆದು ಹಿಂದಕ್ಕೆ ವಾಲಿದರು. ಎಲ್ಲ ಅವಳು ಹೇಳಿದ ಹಾಗೇ. ಮುಂದಿನ ಶಾಕ್ ಅಬ್ಸಾರ್ಬರ್ ಉದ್ದವಾಯಿತು, ಚಕ್ರ ಹಗುರಾಯಿತು, ಇನ್ನೇನು ಎದ್ದಿತು ಎನ್ನುವ ಹೊತ್ತಿಗೆ ಬಲಗಾಲು ತನ್ನ ಕೆಲಸ ಮಾಡಿತು. ಗಾಡಿ ಮುಗ್ಗರಿಸಿ ನಿಂತಿತು. ಮೇಷ್ಟರ ಎದೆ ಟ್ಯಾಂಕಿಗೆ ಬಡಿಯಿತು.

"ಕಾಲು ಅಪ್ಪ."

"ಗೊತ್ತು."

ಇನ್ನೊಮ್ಮೆ. "ಕಾಲು." ಇನ್ನೊಮ್ಮೆ. "ಅಪ್ಪ, ಕಾಲು." ಹೀಗೆ ದಿನ ಹೋದವು. ಮೇಷ್ಟರು ಕಾಲಿಗೆ ಬುದ್ಧಿ ಹೇಳಿದರು, ಬೈದರು, ಒಮ್ಮೆ ಗಾಡಿ ಇಳಿದು ಕೈಯಿಂದ ತೊಡೆಗೆ ಹೊಡೆದುಕೊಂಡರು. ಮಗಳು ಉಪಾಯದ ಮೇಲೆ ಉಪಾಯ ಮಾಡಿದಳು. ಎದುರಿನ ಕಾರ್ಖಾನೆ ಚಿಮಣಿಯ ತುದಿಯನ್ನೇ ನೋಡು ಎಂದಳು, ನೋಡಿದರು. ಕಣ್ಣು ಚಿಮಣಿಯ ಮೇಲೆ, ಕಾಲು ಬ್ರೇಕಿನ ಮೇಲೆ. ಹಾಡು ಹೇಳಿಕೊಂಡು ಓಡಿಸು ಎಂದಳು, ಹೇಳಿದರು. ಪ್ರತಿ ಸಲ ಪಲ್ಲವಿಯ ಮಧ್ಯದಲ್ಲೇ ನಿಂತುಹೋಯಿತು. ಆಮೇಲೆ ವಾಚ್‌ಮನ್ ಹತ್ತಿರ ಚಹಾದ ಕಾಗದದ ಲೋಟ ಇಸಿದುಕೊಂಡು ಪೆಡಲ್ಲಿನ ಮೇಲೆ ಬೋರಲು ಅಂಟಿಸಿದಳು. "ಲೋಟದ ಮೇಲೆ ಕಾಲಿಡು. ಲೋಟ ಅಪ್ಪಚ್ಚಿ ಆಗ್ಬಾರದು, ಅಷ್ಟೇ."

ಒಂದೂ ಉಳಿಯಲಿಲ್ಲ. ಅಂಗಳದ ತುಂಬಾ ಅಪ್ಪಚ್ಚಿಯಾದ ಲೋಟಗಳು ಬಿದ್ದವು.

"ಮೇಷ್ಟ್ರೇ, ನಂಗೆ ಚಹಾ ಕುಡಿಯೋಕೆ ಒಂದಾದ್ರೂ ಬಿಡಿ" ಎಂದ ವಾಚ್‌ಮನ್. "ನಾಳೆಯಿಂದ ಅಂಗೈಯಲ್ಲಿ ಹಿಡ್ಕೊಂಡು ಕುಡೀಬೇಕಾ?"

ಒತ್ತಿ ಒತ್ತಿ ಹಿಂದಿನ ಬ್ರೇಕು ಸವೆದೇಹೋಯಿತು. ಮಗಳು ತನ್ನ ಅಂಗಡಿಯಿಂದಲೇ ಹೊಸ ಲೈನರ್ ತಂದು ಮೆಟ್ಟಿಲ ಮೇಲೆ ಕೂತು ಹಾಕಿದಳು. ತಾಯಿ ಬಾಗಿಲಿಗೆ ಒರಗಿ ನೋಡುತ್ತಿದ್ದವಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಅಲ್ವೇ, ಅವರು ಎತ್ತಿದ್ರೆ ನಿಂದೇ ತಾನೆ ಹೋಗೋದು? ನೀನ್ಯಾಕೆ ಇಷ್ಟು ಮೈ ನುಗ್ಗು ಮಾಡ್ಕೋತೀಯ?"

"ತಪ್ಪು ತಪ್ಪಾಗಿ ಓಡಿಸೋದನ್ನ ನೋಡ್ತಾ ಕೂರೋಕೆ ಆಗಲ್ಲ ಅಮ್ಮ."

ಒಳಗೆ ಇದ್ದ ಮೇಷ್ಟರಿಗೆ ಈ ಮಾತು ಕೇಳಿಸಿತು. ಇಂಥವಳನ್ನು ಊರೂರು ತಿರುಗಲು ಬಿಡಬಾರದು ಎಂಬ ಅವರ ಹಟ ಅದರಿಂದ ಇನ್ನೂ ಗಟ್ಟಿಯಾಯಿತು. ಇಂಥ ಟೀಚರು ಇನ್ನೆಲ್ಲಿ ಸಿಗುತ್ತಾಳೆ?

ತಿಂಗಳು ಮುಗಿಯುತ್ತಾ ಬಂತು. ಒಂದು ಬೆಳಿಗ್ಗೆ, ಎಷ್ಟನೆಯದೋ ಲೋಟ ಅಪ್ಪಚ್ಚಿಯಾದ ಮೇಲೆ, ಮಗಳು ಗ್ಲೌಸು ಬಿಚ್ಚಿ ನೆಲಕ್ಕೆ ಎಸೆದಳು.

"ಕಾಲಿಂದಲ್ಲ ಅಪ್ಪ ತಪ್ಪು. ಪಾಪ ಅದನ್ನ ಯಾಕೆ ಬೈತೀಯ? ಎದ್ರೆ ಏನಾಗುತ್ತೋ ಅಂತ ನಿಂಗೇ ಹೆದರಿಕೆ."

"ನಂಗೆ ಹೆದರಿಕೆ? ನೀನು ಹುಟ್ಟೋಕೆ ಮುಂಚಿಂದ ಗಾಡಿ ಓಡಿಸ್ತಾ ಇದೀನಿ ನಾನು."

"ಓಡಿಸ್ತಾ ಇಲ್ಲ. ಹಿಂದೆ ಕೂತು ನಿಲ್ಲಿಸ್ತಾ ಇದೀಯ" ಎಂದು ಅವಳು ನಡೆದೇ ಹೊರಟುಹೋದಳು. ವಾಚ್‌ಮನ್ ಕುರ್ಚಿಯ ಪಕ್ಕದಲ್ಲಿದ್ದ ರೇಡಿಯೋದ ಕಿವಿ ಹಿಂಡಿ ಸದ್ದು ಕಡಿಮೆ ಮಾಡಿದ.

ಆ ಇಡೀ ದಿನ ಮೇಷ್ಟರು ಪಾಠಕ್ಕೆ ಬಂದವರ ಮೇಲೆಲ್ಲ ರೇಗಿದರು. ನರ್ಸಮ್ಮ ಇಂಡಿಕೇಟರ್ ಹಾಕಿದ್ದಕ್ಕೂ ಬೈದರು, ಆರಿಸಿದ್ದಕ್ಕೂ ಬೈದರು. ಮಾರನೆಯ ಬೆಳಿಗ್ಗೆ ಮಗಳನ್ನು ಕರೆಯಲಿಲ್ಲ. ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬಿನ ಉದ್ದನೆಯ ಒಂದು ಪಟ್ಟಿ ಕತ್ತರಿಸಿಕೊಂಡು, ಬೈಕು ಹತ್ತಿ ಅಂಗಳಕ್ಕೆ ಹೋದರು. ಎಂಜಿನ್ ಆರಿಸದೆ ಬಲಗಾಲನ್ನು ಪೆಡಲ್ಲಿನಿಂದ ಹಿಂದಕ್ಕೆ ಸರಿಸಿ ಫುಟ್‌ರೆಸ್ಟಿನ ಮೇಲಿಟ್ಟು, ಟ್ಯೂಬನ್ನು ಸುತ್ತಿ ಸುತ್ತಿ ಬಿಗಿದು ಕಟ್ಟಿದರು. ಇನ್ನು ಬ್ರೇಕು ಅದಕ್ಕೆ ಎಟುಕುವ ಮಾತೇ ಇಲ್ಲ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದು ತಮ್ಮ ಬುದ್ಧಿಯನ್ನು ತಾವೇ ಮೆಚ್ಚಿಕೊಂಡರು.

ವಾಚ್‌ಮನ್ ಎದ್ದು ಬಂದು ನೋಡಿದ. "ಮೇಷ್ಟ್ರೇ, ಕಾಲು ಕಟ್ಕೊಂಡ್ರೆ ಆಮೇಲೆ ಇಳಿಯೋದು ಹೆಂಗೆ?"

"ಇದು ಇಳಿಯೋಕಲ್ಲಯ್ಯ, ಏರೋಕೆ."

ರೇಸ್ ಕೊಟ್ಟರು. ಕ್ಲಚ್ಚು ಬಿಟ್ಟರು. ಎಳೆದರು.

ಎದ್ದಿತು. ಯಾವ ತಂಟೆಯೂ ಇಲ್ಲದೆ, ಹಕ್ಕಿ ನೀರಿನ ಮೇಲಿನಿಂದ ಎದ್ದ ಹಾಗೆ ಎದ್ದಿತು. ಎದುರಿಗಿದ್ದ ಅಂಗಳ ಇಲ್ಲ, ಗೇಟಿಲ್ಲ, ಚಿಮಣಿ ಇಲ್ಲ, ಬರೀ ಬೆಳಗಿನ ಆಕಾಶ. ಇಷ್ಟು ವರ್ಷ ಮುಂದಿರುವವರ ಬೆನ್ನನ್ನೇ ನೋಡಿದ ಕಣ್ಣಿಗೆ ಅಡ್ಡ ಏನೂ ಇರಲಿಲ್ಲ. ಮೇಷ್ಟರು ನಕ್ಕರು ಕೂಡ.

ಮರುಕ್ಷಣಕ್ಕೆ ಚಕ್ರ ಇನ್ನೂ ಮೇಲೆ ಹೋಯಿತು. ಬಲಗಾಲು ತನ್ನ ಶಕ್ತಿಯನ್ನೆಲ್ಲ ಹಾಕಿ ಒತ್ತಿತು. ಈ ಸಲ ಒತ್ತಬೇಕಾದದ್ದೇ ಆಗಿತ್ತು. ಆದರೆ ಕಾಲಿನ ಕೆಳಗೆ ಇದ್ದದ್ದು ಬರೀ ಫುಟ್‌ರೆಸ್ಟು. ಗಾಡಿ ನೆಟ್ಟಗೆ ನಿಂತು, ಹಿಂದಿನ ಲೈಟು ನೆಲಕ್ಕೆ ಬಡಿದು ಚೂರಾಗಿ, ಪಕ್ಕಕ್ಕೆ ಮಗುಚಿತು. ಟ್ಯೂಬು ಜಗ್ಗಿ ಜಗ್ಗಿ ಹರಿಯಿತು. ಮೇಷ್ಟರು ಎಡಗೈ ಊರಿ ಬಿದ್ದರು. ಮಣಿಕಟ್ಟಿನಲ್ಲಿ ಲಟಕ್ಕೆಂದ ಸದ್ದು ಅವರಿಗೇ ಕೇಳಿಸಿತು.

ವಾಚ್‌ಮನ್ ಫೋನು ಮಾಡಿದ. ಮಗಳು ಓಡಿ ಬಂದಳು. ಬಂದವಳು ಮುಖ ನೋಡಿದಳು, ಕೈ ನೋಡಿದಳು, ಆಮೇಲೆ ಶೂವಿಗೆ ಇನ್ನೂ ಸುತ್ತಿಕೊಂಡಿದ್ದ ರಬ್ಬರಿನ ಚೂರು ನೋಡಿದಳು.

"ಇದನ್ನ ಯಾರು ಕಟ್ಟಿದ್ದು?"

"ನಾನೇ."

ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದರು ಮೇಷ್ಟರು. ಬೈಯಲಿಲ್ಲ. ಆ ರಬ್ಬರನ್ನು ಬಿಚ್ಚಲು ಹೋಗಿ, ಗಂಟು ಸಿಗದೆ, ಹಲ್ಲಿನಿಂದ ಕಚ್ಚಿ ಹರಿದಳು.

"ಚಕ್ರ ಮಾತ್ರ ಎದ್ದಿದ್ದು ನಿಜ ಕಣಮ್ಮ" ಎಂದ ವಾಚ್‌ಮನ್, ಏನಾದರೂ ಒಳ್ಳೆಯ ಮಾತು ಹೇಳಬೇಕಲ್ಲ ಎಂದು. "ನಾನೇ ಕಣ್ಣಾರೆ ನೋಡಿದೀನಿ. ನನ್ನ ಎದೆ ಮಟ್ಟಕ್ಕೆ."

"ಕೇಳಿದ್ಯಾ?" ಎಂದರು ಮೇಷ್ಟರು, ನೆಲದ ಮೇಲೆ ಮಲಗಿದ್ದುಕೊಂಡೇ. "ನೆಲ ಬಿಟ್ಟಿತ್ತು."

"ಕೇಳ್ದೆ. ಏಳು, ಆಸ್ಪತ್ರೆಗೆ ಹೋಗೋಣ."

ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿದವಳು ಬೇರೆ ಯಾರೂ ಅಲ್ಲ, ನರ್ಸಮ್ಮ. "ಸಾರ್, ಕ್ಲಚ್ ಹಿಡಿಯೋ ಕೈನೇ ಮುರ್ಕೊಂಡಿದೀರಲ್ಲ" ಎಂದು ಮಾತ್ರ ಹೇಳಿದಳು. ಇಂಡಿಕೇಟರಿನ ಸಿಟ್ಟನ್ನು ಅಷ್ಟರಲ್ಲೇ ತೀರಿಸಿಕೊಂಡಳು.

ಮಾರನೆಯ ದಿನ ಮಗಳು ಅಂಗಡಿಗೆ ಹೋಗಲಿಲ್ಲ. ಹಿಂದಿನ ಲೈಟು ಹೊಸದು ಹಾಕಿ, ಎಲ್ ಬೋರ್ಡು ಕಟ್ಟಿ, ಪಾಠಕ್ಕೆ ಬಂದವರ ಹಿಂದೆ ತಾನು ಕೂತಳು. ಮೇಷ್ಟರು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ. ಅವರು ಬಯಸಿದ್ದು ಬಯಸಿದ ಹಾಗೇ ಆಗಿತ್ತು.

ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದರು. ಚೆನ್ನಾಗಿ ಕಲಿಸುತ್ತಿದ್ದಳು. ಕೂಗಾಡುತ್ತಿರಲಿಲ್ಲ. ಹೆದರಿದವರಿಗೆ ನಿಲ್ಲಿಸಿ ನೀರು ಕೊಡುತ್ತಿದ್ದಳು. ಮನೆಗೆ ಬಂದರೆ ತಂದೆಗೆ ಊಟ ಕಲಸಿ ಕೊಡುವಳು, ಅಂಗಿಯ ಗುಂಡಿ ಹಾಕುವಳು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳುವಳು. ಆದರೆ ಮೊದಲಿನ ಹಾಗೆ ಎದುರು ಮಾತಿಲ್ಲ. ಫೋನು ಬಂದರೆ ಹೆಸರು ನೋಡಿ ಹೊರಗೆ ಹೋಗುವಳು. ಮೇಷ್ಟರು ಕಿವಿ ಉದ್ದ ಮಾಡಿದರೂ ಏನೂ ಕೇಳಿಸದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಹೀಗೆ ಒಳ್ಳೆಯವಳಾಗಿದ್ದರೆ ಏನು ಮಾಡುವುದು?

"ಗೆದ್ದೋರ ಮುಖ ಹಿಂಗಾ ಇರುತ್ತೆ?" ಎಂದಳು ಹೆಂಡತಿ, ರಸ್ತೆ ಚಿಹ್ನೆಗಳ ಪಟದ ಧೂಳು ಒರೆಸುತ್ತಾ.

"ನಿನ್ನ ಕೆಲಸ ನೋಡ್ಕೋ."

"ನನ್ನ ಕೆಲಸ ನಿಮ್ಮನ್ನ ನೋಡ್ಕೊಳ್ಳೋದೇ ಅಲ್ವಾ ರೀ? ನೋಡ್ತಾ ಇದೀನಿ. ನೋಡೋಕಾಗ್ತಿಲ್ಲ."

ಮೇಷ್ಟರಿಗೆ ಮತ್ತೆ ಮತ್ತೆ ನೆನಪಾಗುತ್ತಿದ್ದದ್ದು ಬಿದ್ದದ್ದಲ್ಲ. ಬೀಳುವ ಮುಂಚಿನ ಆ ಒಂದು ಗಳಿಗೆ. ಕಣ್ಣು ಮುಚ್ಚಿದರೆ ಸಾಕು, ಆಕಾಶ ಹಾಗೇ ಎದುರಿಗೆ ಬಂದು ನಿಲ್ಲುತ್ತಿತ್ತು. ಅದನ್ನು ಯಾರಿಗಾದರೂ ಹೇಳಬೇಕು. ಹೇಳಿದರೆ ಅರ್ಥವಾಗುವುದು ಒಬ್ಬಳಿಗೇ. ಅವಳಿಗೆ ಹೇಳುವ ಹಾಗಿಲ್ಲ. ಬ್ಯಾಂಡೇಜಿನೊಳಗೆ ತುರಿಸಿದರೆ ಆಗುವಂಥ ಸಂಕಟ ಅದು. ಎಲ್ಲಿದೆ ಎಂದು ಗೊತ್ತು, ಬೆರಳು ಎಟುಕದು.

ಬ್ಯಾಂಡೇಜು ಬಿಚ್ಚುವ ದಿನ ಹತ್ತಿರ ಬಂದಾಗ ಅವರಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಪಾಠ ಮುಗಿದು ಮಗಳು ಮೆಟ್ಟಿಲ ಮೇಲೆ ಕೂತು ಹೆಲ್ಮೆಟ್ಟು ಒರೆಸುತ್ತಿದ್ದಳು. ಮೇಷ್ಟರು ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಇಡೀ ಮಧ್ಯಾಹ್ನ ಕೂತು ಜೋಡಿಸಿಕೊಂಡ ಮಾತುಗಳಿದ್ದವು. ಬಾಯಿಗೆ ಬಂದದ್ದು ಬೇರೆ.

"ಆ ಪಂದ್ಯ ನಾನು ಗೆದ್ದಿಲ್ಲ."

ಮಗಳು ತಲೆ ಎತ್ತಿದಳು.

"ಎತ್ತಿದ್ದು ನಾನು ಸರಿ. ಇಳಿಸಿದ್ದು ನಾನಲ್ಲ, ನೆಲ. ಇಳಿಸೋಕೆ ಬರದೋನಿಗೆ ನಾನು ಯಾವತ್ತೂ ಪಾಸ್ ಅಂದಿಲ್ಲ. ಹಾಗಾಗಿ ನೀನು… ನಿನ್ನ ಇಷ್ಟ."

ಇಷ್ಟು ಹೇಳಿ, ಇದರಿಂದ ಅವಳ ಮುಖ ಹೇಗೆ ಅರಳುತ್ತದೆ ಎಂದು ನೋಡಲು ಕಾದರು. ಅವಳು ಹೆಲ್ಮೆಟ್ಟಿನ ಗಾಜಿಗೆ ಇನ್ನೊಮ್ಮೆ ಉಫ್ ಎಂದು ಊದಿ ಒರೆಸಿದಳು.

"ನಾನು ಭಾನುವಾರ ಹೊರಡ್ತಾ ಇದೀನಿ ಅಪ್ಪ. ಅವತ್ತೇ ಅವರಿಗೆ ಹೇಳಿದ್ದೆ, ಅಪ್ಪನ ಕೈ ಸರಿ ಹೋಗೋವರೆಗೆ ಬರೋಕಾಗಲ್ಲ ಅಂತ."

ಮೇಷ್ಟರು ಬಾಯಿ ತೆರೆದವರು ಮುಚ್ಚಲಿಲ್ಲ. "ಮತ್ತೆ ಇಷ್ಟು ದಿನ ಇಲ್ಲಿ ಪಾಠ ಹೇಳಿದ್ದು? ಪಂದ್ಯಕ್ಕಲ್ವಾ?"

"ನಿನ್ನ ಕೈ ಮುರಿದಿತ್ತು. ಬಂದವರಿಗೆ ಯಾರು ಹೇಳಿಕೊಡ್ಬೇಕಿತ್ತು, ಅಮ್ಮನಾ?"

"ನಾನಿಲ್ಲಿ ಒದ್ದಾಡಿ ಸಾಯ್ತಿದೀನಿ. ಹೇಳೋಕೆ ಏನಾಗಿತ್ತು?"

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಅದೂ ನಿಜವೇ. ಸ್ವಂತ ಔದಾರ್ಯಕ್ಕೂ ಜಾಗ ಸಿಗದೆ ಮೇಷ್ಟರು ಚೌಕಟ್ಟಿನಲ್ಲಿ ಹಾಗೇ ನಿಂತರು. ಸಿಟ್ಟಿನಲ್ಲೇ ಕೇಳಿದರು. "ಹಾಗಾದ್ರೆ ಪಂದ್ಯಕ್ಕೆ ಯಾಕೆ ಒಪ್ಪಿದೆ? ನಾನು ಸರಿಯಾಗಿ ಕಲ್ತುಬಿಟ್ಟಿದ್ರೆ?"

"ಕಲ್ತಿದ್ರೆ ನೀನೇ ನಂಗೆ ಇದನ್ನ ಬಿಡು ಅಂತಿರಲಿಲ್ಲ. ಒಂದು ಸಲ ಎದ್ದವರು ಇನ್ನೊಬ್ಬರಿಗೆ ಹಾಗೆ ಹೇಳಲ್ಲ ಅಪ್ಪ."

ಮೇಷ್ಟರು ಒಳಗೆ ಹೋಗಿ ಹೆಂಡತಿಯ ಮೇಲೆ ಚಹಾ ತಣ್ಣಗಿದೆ ಎಂದು ಕೂಗಾಡಿದರು. ಚಹಾ ಇನ್ನೂ ಮಾಡಿರಲೇ ಇಲ್ಲ.

ಆಮೇಲೆ ತಾವೇ ಹೊರಗೆ ಬಂದರು. "ಅವರು ಕೊಡೋ ಗಾಡಿ ಹೆಂಗಿದೆ?"

"ಚೆನ್ನಾಗಿದೆ. ನಾನೇ ಪೂರ್ತಿ ನೋಡಿದೀನಿ."

"ನೀನು ನೋಡಿದ್ರೆ ಆಗಲ್ಲ. ಇಲ್ಲಿಗೆ ತರಿಸು. ನಾನು ನೋಡದೆ ಆ ಗಾಡಿ ಈ ಬೀದಿ ದಾಟಬಾರದು."

ಭಾನುವಾರ ಬೆಳಿಗ್ಗೆ ಗಾಡಿ ಬಂತು. ಸಣ್ಣದೇ, ಸ್ಕೂಲಿನದಕ್ಕಿಂತ ಹಗುರ. ಬೀದಿಯ ಆಚೆ ತಂಡದವರ ವ್ಯಾನು ನಿಂತಿತ್ತು. ಮೇಷ್ಟರು ಬೆಳಕು ಬೀಳುವ ಕಡೆ ಗಾಡಿ ನಿಲ್ಲಿಸಿಕೊಂಡು ಕೂತರು. ಮುಂದಿನ ಬ್ರೇಕು ನೋಡಿದರು, ಹಿಂದಿನದು ನೋಡಿದರು. ಪೆಡಲ್ಲನ್ನು ಕೈಯಿಂದ ಒತ್ತಿದರು, ನೆಲದ ಮೇಲೆ ಕೂತು ಕಾಲಿನಿಂದಲೂ ಒತ್ತಿದರು. ಸ್ಪ್ಯಾನರಿನಿಂದ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳಿದರು. ಕೇಬಲ್ಲು ಎಲ್ಲಾದರೂ ಎಳೆ ಬಿಟ್ಟಿದೆಯೇ ಎಂದು ಇನ್ನೂ ಪೂರ್ತಿ ಮಡಚಲು ಬಾರದ ಎಡಗೈ ಬೆರಳಿನಿಂದ ಸವರಿದರು. ಚೈನು ಎತ್ತಿ ಬಿಟ್ಟರು. ಮಗಳು ಹೆಲ್ಮೆಟ್ಟು ಬಗಲಲ್ಲಿಟ್ಟುಕೊಂಡು ನಿಂತಿದ್ದಳು.

"ಮುಗೀತಾ ಅಪ್ಪ?"

"ಇರು."

"ಅವರು ಕಾಯ್ತಾ ಇದಾರೆ."

"ಕಾಯ್ಲಿ. ಈ ಚೈನಿಗೆ ಎಣ್ಣೆ ಯಾವಾಗ ಹಾಕಿದ್ದು?"

"ಬೆಳಗ್ಗೆ."

"ಚಕ್ರದ ಗಾಳಿ?"

"ಅದೂ ಬೆಳಗ್ಗೆ."

ಒಂದು ಸಡಿಲ ನಟ್ಟಾದರೂ ಇರಬಾರದೇ? ಒಂದು ತುಕ್ಕು? ಇದು ಸರಿ ಮಾಡುವವರೆಗೆ ಹೊರಡಬೇಡ ಎನ್ನಲಿಕ್ಕೆ ಏನಾದರೊಂದು? ಇಷ್ಟು ವರ್ಷ ಯಾರ ಗಾಡಿ ಬಂದರೂ ನೋಡಿದ ಕೂಡಲೇ ತಪ್ಪು ಹಿಡಿಯುತ್ತಿದ್ದ ಮನುಷ್ಯನಿಗೆ ಇವತ್ತು ಒಂದೇ ಒಂದು ತಪ್ಪು ಸಿಗುತ್ತಿಲ್ಲ. ಮೇಷ್ಟರಿಗೆ ಮೈಯೆಲ್ಲ ಉರಿಯಿತು. ಸ್ಪ್ಯಾನರನ್ನು ಕೈ ಬದಲಿಸಿ, ಮೊಣಕಾಲೂರಿ, ಮತ್ತೆ ಮುಂದಿನ ಚಕ್ರದಿಂದ ಶುರು ಮಾಡಿದರು.